ಕಪ್ಪು ಮಸಿ, ಕೆಂಪು ಚುಕ್ಕೆ: 144 ಪುಟದ ಕತ್ತಲೆ ಕಾಮಿಕ್ಸ್ ಮಂಡ್ಯ–ಮೈಸೂರಲ್ಲಿ ಸಿನಿಮಾ ಆಗಬೇಕಾದ್ರೆ ಎಲ್ಲಿ ಎಡವುತ್ತೆ?

ಆಲೆಮನೆಹೊಗೆ
ಲೆಕ್ಕ ಇಷ್ಟು. ಕನ್ನಡದ್ದೇ ಸೂಪರ್‌ಹೀರೋ ಕಾಮಿಕ್ಸ್, 6 ಸಂಚಿಕೆ, ತಲಾ 24 ಪುಟ. ಪೂರ್ತಿ ಕಪ್ಪು-ಬಿಳುಪು, ಮಧ್ಯೆ ಕೆಂಪು ಒಂದೇ ಬಣ್ಣ. ಮುಖವಾಡದವನು ರಾತ್ರಿ ಮಾತ್ರ ಓಡಾಡ್ತಾನೆ, ಕೊಲ್ಲೋಕೂ ಹಿಂದೆಮುಂದೆ ನೋಡಲ್ಲ. ಜಾಗ: ಮಂಡ್ಯ ಸುತ್ತಿನ ಕಬ್ಬಿನ ಗದ್ದೆ, ಒಂದು ಆಲೆಮನೆ, ಮೈಸೂರಿನ ದೇವರಾಜ ಮಾರುಕಟ್ಟೆ ಅಕ್ಕಪಕ್ಕದ ಗಲ್ಲಿ. ಸಿನಿಮಾ 2 ಗಂಟೆ 10 ನಿಮಿಷ ಮೀರಬಾರದು. ಪುಟಗಳನ್ನೇ ಸ್ಟೋರಿಬೋರ್ಡ್ (ಶಾಟ್‌ಗಳ ಚಿತ್ರಪಟ್ಟಿ) ಅಂತ ಇಟ್ಕೊಂಡು ಶೂಟ್ ಮಾಡಿದ್ರಾಯ್ತು ಅನ್ನೋದು ತಂಡದ ವಾದ. ಒಪ್ಪೋಕೆ ಧೈರ್ಯ ಬರ್ತಿಲ್ಲ. ಎಲ್ಲಿ ಕೆಡುತ್ತೆ, ಅಳತೆ ಸಮೇತ ಹೇಳಿ.

ಗಟರ್‌ಗೆರೆ
ತಂಡದ ವಾದದಲ್ಲೇ ಮೊದಲನೇ ಗುಂಡಿ ಇದೆ. ಸ್ಟೋರಿಬೋರ್ಡ್ ಹೇಳೋದು ಕ್ಯಾಮೆರಾ ಎಲ್ಲಿ ನಿಲ್ಲಬೇಕು ಅಂತ. ಕಾಮಿಕ್ಸ್ ಪುಟ ಹೇಳೋದು ಓದುಗನ ಕಣ್ಣು ಎಲ್ಲಿ ನಿಲ್ಲಬೇಕು, ಎಷ್ಟು ಹೊತ್ತು ಅಂತ. ಎರಡು ಚೌಕದ ನಡುವಿನ ಬಿಳಿ ಸಂದಿಯಲ್ಲಿ ನಡೆಯೋದನ್ನ ಓದುಗ ತಾನೇ ತುಂಬಿಕೊಳ್ತಾನೆ. ಸಿನಿಮಾದಲ್ಲಿ ಆ ಸಂದಿಯೇ ಇಲ್ಲ. ಮಾತಿಲ್ಲದ ಒಂದು ಚೌಕದ ಮೇಲೆ ಓದುಗ ಎರಡು ಸೆಕೆಂಡೂ ನಿಲ್ಲಬಹುದು, ಎರಡು ನಿಮಿಷವೂ ನಿಲ್ಲಬಹುದು. ಸಿನಿಮಾದಲ್ಲಿ ಅದು 40 ಫ್ರೇಮೋ 140 ಫ್ರೇಮೋ (ಸೆಕೆಂಡಿಗೆ 24 ಫ್ರೇಮ್) ಅಂತ ಎಡಿಟರ್ ತೀರ್ಮಾನ ಮಾಡ್ಲೇಬೇಕು. ಪುಟ ನಕಲು ಮಾಡಿದವರು ಚಿತ್ರ ನಕಲು ಮಾಡ್ತಾರೆ, ಸಮಯ ಬಿಟ್ಟೋಗುತ್ತೆ.

‘ವಾಚ್‌ಮೆನ್’ ಅನ್ನೋ ಇಂಗ್ಲಿಷ್ ಸೂಪರ್‌ಹೀರೋ ಕಾಮಿಕ್ಸ್ ನೋಡಿ. 1986–87ರಲ್ಲಿ 12 ಸಂಚಿಕೆಯಾಗಿ ಬಂತು, ಬಹುಪಾಲು ಪುಟ 9 ಚೌಕದ ಜಾಲರಿ. ಅದರ 5ನೇ ಸಂಚಿಕೆಯ ಪುಟಗಳ ಜೋಡಣೆ ಮಧ್ಯದಿಂದ ಹಿಂದಕ್ಕೂ ಮುಂದಕ್ಕೂ ಕನ್ನಡಿ ಥರ ಹೊಂದುತ್ತೆ. ಅದು ಗೊತ್ತಾಗೋದು ಪುಸ್ತಕ ಕೈಯಲ್ಲಿದ್ದಾಗ, ಹಾಳೆ ಹಿಂದೆಮುಂದೆ ತಿರುವಿದಾಗ. ಥಿಯೇಟರ್‌ನಲ್ಲಿ ಕೂತವನಿಗೆ ಹಿಂದಕ್ಕೆ ತಿರುವೋಕೆ ಏನಿದೆ? 2009ರ ಸಿನಿಮಾ ಚೌಕಗಳ ಭಂಗಿಯನ್ನ ಶ್ರದ್ಧೆಯಿಂದ ತಂತು, ಈ ಜೋಡಣೆಯನ್ನ ತರೋಕಾಗಲಿಲ್ಲ. ಥಿಯೇಟರ್ ಪ್ರತಿ 162 ನಿಮಿಷ. ಕಥೆಯೊಳಗಿನ ಕಡಲ್ಗಳ್ಳರ ಕಥೆಯನ್ನೂ ಸೇರಿಸಿದ ಪ್ರತಿ 215 ನಿಮಿಷಕ್ಕೆ ಹೋಯ್ತು.

ತ್ರಾಸುತಟ್ಟೆ
ಅಳತೆ ಕೇಳಿದ್ರಲ್ಲ, ತಗೊಳ್ಳಿ. 144 ಪುಟ, ಪುಟಕ್ಕೆ ಸರಾಸರಿ 5–6 ಚೌಕ ಅಂದ್ರೆ 720ರಿಂದ 860 ಚೌಕ. ಚಿತ್ರಕಥೆಯ ಒಂದು ಪುಟ ಒಂದು ನಿಮಿಷ ಅನ್ನೋ ವಾಡಿಕೆ ಲೆಕ್ಕದಲ್ಲಿ ನಿಮಗಿರೋದು 130 ಪುಟ. ಸರಿಹೋಯ್ತಲ್ಲ ಅನ್ಸುತ್ತೆ, ಹೋಗಿಲ್ಲ. ಹೊಡೆದಾಟದ ಒಂದು ಕಾಮಿಕ್ಸ್ ಪುಟ ತೆರೆ ಮೇಲೆ 8 ಸೆಕೆಂಡಲ್ಲೂ ಮುಗಿಯಬಹುದು, ಮಾತಿನ ಒಂದು ಪುಟ 3 ನಿಮಿಷ ಎಳೆಯಬಹುದು.

ಎಲ್ಲಾ ಪುಟ ಜೆರಾಕ್ಸ್ ಮಾಡಿಸಿ ಗೋಡೆಗೆ ಅಂಟಿಸಿ. ಪುಟ ಮುಗಿದಾಗ ಪ್ರೇಕ್ಷಕನಿಗೆ ಹೊಸದಾಗಿ ಏನು ಗೊತ್ತಾಯ್ತು ಅಂತ ಪ್ರತಿ ಪುಟದ ಕೆಳಗೆ ಒಂದೇ ಸಾಲು ಬರೆಯಿರಿ. ಬರೆಯೋಕೆ ಏನೂ ಇಲ್ಲದ ಪುಟಕ್ಕೆ ಅಡ್ಡಗೆರೆ. ಅದರಲ್ಲಿ ಚಿತ್ರ ಚೆನ್ನಾಗಿದೆ ಅಂತ ಕನಿಕರ ಬೇಡ. ಆಮೇಲೆ ಬಲೂನಿನೊಳಗಿನ ಸಂಭಾಷಣೆ, ಚೌಕ ಪೆಟ್ಟಿಗೆಯೊಳಗಿನ ಮನದ ಮಾತು ಎಲ್ಲವನ್ನೂ ಗಟ್ಟಿಯಾಗಿ ಓದಿ ಗಡಿಯಾರ ಹಿಡಿಯಿರಿ. 130 ನಿಮಿಷದ ಸಿನಿಮಾಗೆ 70 ನಿಮಿಷದ ಮಾತು ಬಂದ್ರೆ ಅರ್ಧ ಕಿತ್ತಾಕ್ಬೇಕು ಅಂತ ತಿಳ್ಕೊಳ್ಳಿ.

ಇನ್ನೊಂದು: ಬೆಚ್ಚಿಬೀಳಿಸೋ ಚೌಕವನ್ನ ಪುಟ ತಿರುವಿದ ಮೇಲೆ ಎಡಗಡೆ ಮೊದಲು ಇಟ್ಟಿರ್ತಾರೆ. ಅಂಥ ಜಾಗಗಳ ಪಟ್ಟಿ ಬೇರೆ ಮಾಡಿ. ಆ ತಿರುವಿಗೆ ಸಿನಿಮಾದಲ್ಲಿ ಬದಲಿ ಹುಡುಕಬೇಕು: ಮುಂದಿನ ದೃಶ್ಯದ ಶಬ್ದ ಅರ್ಧ ಸೆಕೆಂಡ್ ಮೊದಲೇ ಬರೋದು, ಅಥವಾ 12 ಫ್ರೇಮ್ ಪೂರ್ತಿ ಕಪ್ಪು.

ದಸ್ತಾವೇಜು
ಗೋಡೆಗೆ ಅಂಟಿಸೋ ಮುಂಚೆ ಹಕ್ಕು. ಕಾಮಿಕ್ಸ್ ಅಂದ್ರೆ ಕಾನೂನಿನ ಕಣ್ಣಲ್ಲಿ ಬರಹ ಒಂದು, ಚಿತ್ರ ಇನ್ನೊಂದು. ಬರೆದವರ ಸಹಿ ತಗೊಂಡು ಬಿಡಿಸಿದವರನ್ನ ಬಿಟ್ರೆ ಮುಖವಾಡದ ವಿನ್ಯಾಸವೇ ನಿಮ್ಮ ಕೈಲಿರಲ್ಲ. 1957ರ ಹಕ್ಕುಸ್ವಾಮ್ಯ ಕಾಯ್ದೆಯ 19ನೇ ಕಲಂ ಪ್ರಕಾರ ವರ್ಗಾವಣೆ ಲಿಖಿತವಾಗಿಯೇ ಇರಬೇಕು. ಅವಧಿ ಬರೆಯದಿದ್ರೆ 5 ವರ್ಷ ಅಂತ, ಪ್ರದೇಶ ಬರೆಯದಿದ್ರೆ ಭಾರತ ಮಾತ್ರ ಅಂತ ತಿಳ್ಕೊಳ್ತಾರೆ. ಬೇರೆ ಥರ ಬರ್ಕೊಂಡಿಲ್ಲ ಅಂದ್ರೆ, ಒಂದು ವರ್ಷದೊಳಗೆ ಹಕ್ಕು ಬಳಸದಿದ್ರೆ ಅದು ಬಿದ್ದೋಗುತ್ತೆ. ಸಣ್ಣ ಬಜೆಟ್ಟಿನವರು ದುಡ್ಡು ಹೊಂಚೋಕೇ ಎರಡು ವರ್ಷ ತಗೊಳ್ತಾರೆ, ಆದ್ರಿಂದ ಈ ಸಾಲೇ ಮುಖ್ಯ. 57ನೇ ಕಲಂ ಬೇರೆ: ಹಕ್ಕು ಮಾರಿದ ಮೇಲೂ, ತನ್ನ ಮಾನಕ್ಕೆ ಕುಂದು ಬರೋ ಹಾಗೆ ಕೃತಿ ತಿರುಚಿದ್ದಾರೆ ಅಂತ ಕರ್ತೃ ತಕರಾರು ತೆಗೆಯಬಹುದು. ಅಂತ್ಯ ಬದಲಾಯಿಸೋದಿದ್ರೆ ಈಗಲೇ ಕೂತು ಮಾತಾಡಿ.

‘ವಾಚ್‌ಮೆನ್’ ಸಿನಿಮಾಗೂ ಇದೇ ಕಾಟ. ಹಕ್ಕು ನಮ್ಮ ಹತ್ರ ಇದೆ ಅಂತ ಇನ್ನೊಂದು ಸ್ಟುಡಿಯೋ 2008ರಲ್ಲಿ ಕೋರ್ಟಿಗೆ ಹೋಯ್ತು. 2009ರ ಮಾರ್ಚಲ್ಲಿ ಬಿಡುಗಡೆ, ರಾಜಿ ಆಗಿದ್ದು ಜನವರಿಯಲ್ಲಿ.

ಅರ್ಧಸ್ಟಾಪ್
ಈಗ ಕತ್ತಲೆ ವಿಷ್ಯ. ಹಾಳೆ ಮೇಲಿನ ಕಪ್ಪು ಮಸಿ, ತೆರೆ ಮೇಲಿನ ಕಪ್ಪು ಬೆಳಕಿನ ಅಭಾವ. ಮಸಿಯ ಕಪ್ಪು ಎಲ್ಲಾ ಪ್ರತಿಯಲ್ಲೂ ಒಂದೇ ಕಪ್ಪು, ತೆರೆಯ ಕಪ್ಪು ಥಿಯೇಟರಿಗೊಂದು. ಡಿಜಿಟಲ್ ಪ್ರೊಜೆಕ್ಷನ್ನಿಗೆ ನಿಗದಿಯಾದ ಬೆಳಕು ತೆರೆ ಮೇಲೆ 14 ಫುಟ್-ಲ್ಯಾಂಬರ್ಟ್ (ತೆರೆಯ ಹೊಳಪಿನ ಅಳತೆ). ದೀಪ ಹಳತಾದ ಸಿಂಗಲ್ ಸ್ಕ್ರೀನ್‌ನಲ್ಲಿ ಅಷ್ಟು ಸಿಗೋದು ಅನುಮಾನ. ಜೊತೆಗೆ ಬಾಗಿಲ ಮೇಲಿನ ಹಸಿರು ದೀಪ, ಮ್ಯಾಟಿನಿಗೆ ಪರದೆ ಸಂದಿಯಿಂದ ಬರೋ ಬಿಸಿಲು. ನಿಮ್ಮ ಮಾನಿಟರ್‌ನಲ್ಲಿ ಸೊಗಸಾಗಿ ಕಂಡ ನೆರಳು ಅಲ್ಲಿ ಬರೀ ಬೂದಿ.

ಆದ್ರಿಂದ ಕತ್ತಲೆ ಅಂದ್ರೆ ಕಮ್ಮಿ ಬೆಳಕು ಅಲ್ಲ, ಬೇರ್ಪಡಿಸಿದ ಬೆಳಕು. ಆರಂಭಕ್ಕೆ ಒಂದು ಲೆಕ್ಕ (ಒಂದು ಸ್ಟಾಪ್ ಇಳಿದ್ರೆ ಬೆಳಕು ಅರ್ಧ, ಏರಿದ್ರೆ ಎರಡರಷ್ಟು): ಮುಖದ ಮುಖ್ಯ ಬೆಳಕು ಸರಿಯಾದ ಎಕ್ಸ್‌ಪೋಷರ್‌ಗಿಂತ ಒಂದೂವರೆಯಿಂದ 2 ಸ್ಟಾಪ್ ಕೆಳಗೆ. ಹಿಂದಿನಿಂದ ಬೀಳೋ ಅಂಚಿನ ಬೆಳಕು ಅರ್ಧದಿಂದ 1 ಸ್ಟಾಪ್ ಮೇಲೆ. ಹಿನ್ನೆಲೆ 3–4 ಕೆಳಗೆ. ಕಥೆಗೆ ಬೇಕಾದ ಯಾವ ವಸ್ತುವೂ 4ಕ್ಕಿಂತ ಕೆಳಗೆ ಬೇಡ. 800 ಐಎಸ್‌ಒ (ಬೆಳಕಿಗೆ ಸ್ಪಂದಿಸೋ ಅಳತೆ) ಕ್ಯಾಮೆರಾ ಆದ್ರೆ 400–500 ಅಂತ ಭಾವಿಸಿ ಬೆಳಕು ಕೊಟ್ಟು, ಗ್ರೇಡಿಂಗ್‌ನಲ್ಲಿ (ಶೂಟ್ ಆದ ಮೇಲೆ ಬಣ್ಣ-ಬೆಳಕು ತಿದ್ದೋ ಹಂತ) ಇಳಿಸಿ. ಸೆಟ್ಟಲ್ಲೇ ಕತ್ತಲೆ ಮಾಡಿ ಆಮೇಲೆ ಎತ್ತೋಕೆ ಹೋದ್ರೆ ನೆರಳಲ್ಲಿ ಇರುವೆ ಹರಿದಾಡಿದ ಹಾಗೆ ನಾಯ್ಸ್ ಕುಣಿಯುತ್ತೆ.

ಒಟಿಟಿಗೆ ಹೋದ್ರೆ ಇನ್ನೊಂದು ಅವಸ್ಥೆ. ಬಣ್ಣದ ಮೆಟ್ಟಿಲು ಎಷ್ಟು ಸೂಕ್ಷ್ಮ ಅನ್ನೋದರ ಅಳತೆ ಬಿಟ್: ಥಿಯೇಟರ್ ಪ್ರತಿ 12 ಬಿಟ್, ಮನೆಗೆ ಬರೋ ಸ್ಟ್ರೀಮ್ ಸಾಮಾನ್ಯವಾಗಿ 8 ಬಿಟ್, ಬಿಗಿಯಾಗಿ ಹಿಂಡಿರ್ತಾರೆ. ಗೋಡೆ ಮೇಲಿನ ನಯವಾದ ನೆರಳು ಈರುಳ್ಳಿ ಪದರದಂಗೆ ಪಟ್ಟೆಪಟ್ಟೆ ಆಗುತ್ತೆ. ಗ್ರೇಡ್ ಆದ ಮೇಲೆ ಸಣ್ಣ ಗ್ರೇನ್ (ಫಿಲ್ಮಿನಂಥ ಕಾಳು) ಸೇರಿಸಿದ್ರೆ ಪಟ್ಟೆ ಒಡೆಯುತ್ತೆ. ಮೊದಲ ವಾರ ಶೂಟ್ ಆದ ಕೂಡ್ಲೇ 3 ನಿಮಿಷ ಗ್ರೇಡ್ ಮಾಡಿ, ಮಂಡ್ಯದ ಯಾವುದಾದ್ರೂ ಥಿಯೇಟರಲ್ಲಿ ಬೆಳಗಿನ ಆಟಕ್ಕೂ ಮುಂಚೆ ಹಾಕಿಸಿ, ಕೊನೇ ಸಾಲಲ್ಲಿ ಕೂತು ನೋಡಿ. ಆ ಖರ್ಚು ಉಳಿಸೋಕೆ ಹೋಗಬೇಡಿ.

ಗಟರ್‌ಗೆರೆ
ಬೇರ್ಪಡಿಸೋದು ಅಂದ್ರಲ್ಲ, ಅದಕ್ಕೆ ಸೇರಿಸ್ತೀನಿ. ‘ಸಿನ್ ಸಿಟಿ’ 2005ರಲ್ಲಿ ಚೌಕಗಳನ್ನ ಹೆಚ್ಚುಕಮ್ಮಿ ಹಾಗೇ ತಂದು ಗೆದ್ದಿದ್ದಕ್ಕೆ ಕಾರಣ ಮೂಲದಲ್ಲೇ ಬೂದು ಬಣ್ಣ ಇರಲಿಲ್ಲ, ಕಪ್ಪು ಇಲ್ಲ ಬಿಳಿ. ನಟರ ಹಿಂದೆ ಬಹುತೇಕ ಹಸಿರು ಪರದೆ, ಜಗತ್ತೆಲ್ಲ ಆಮೇಲೆ ಕಟ್ಟಿದ್ದು. ನಿಜವಾದ ಗದ್ದೆಯಲ್ಲಿ ಶೂಟ್ ಮಾಡೋರಿಗೆ ಆ ದಾರಿ ಇಲ್ಲ, ಗದ್ದೆ ತುಂಬಾ ಬೂದು.

ಭಂಗಿಯ ಸಮಸ್ಯೆಯೂ ಇದೆ. ಬಿಡಿಸೋರು ಮುಷ್ಟಿಯನ್ನ 18 ಎಂಎಂ ಅಗಲ ನೋಟದ ಲೆನ್ಸ್ ಥರ ಉಬ್ಬಿಸಿ, ಅದೇ ಚೌಕದಲ್ಲಿ ಮುಖವನ್ನ 85 ಎಂಎಂ ಲೆನ್ಸಿನ ಥರ ತಿದ್ದಿ ಇಡ್ತಾರೆ. ಯಾವ ಲೆನ್ಸೂ ಎರಡನ್ನೂ ಒಟ್ಟಿಗೆ ಮಾಡಲ್ಲ. ಉದ್ದ ಚೌಕಗಳದ್ದೂ ಅದೇ ಪಾಡು. ಸಕ್ಕರೆ ಕಾರ್ಖಾನೆ ಚಿಮಣಿ ಮೇಲೆ ನಿಂತವನ ಉದ್ದ ಚೌಕವನ್ನ ಎತ್ತರದ 2.39 ಪಟ್ಟು ಅಗಲದ ಫ್ರೇಮಿಗೆ ತಂದ್ರೆ ಅವನು ಕಡ್ಡಿ ಆಗ್ತಾನೆ. ಉದ್ದ ಚೌಕ ಜಾಸ್ತಿ ಇದ್ರೆ 1.85 ಇಟ್ಕೊಳ್ಳಿ, ಅಗಲದ ಮೋಹ ಬಿಡಿ. ಸಂಚಿಕೆಗೆ ಒಂದೋ ಎರಡೋ ಚೌಕ ಮಾತ್ರ ಇದ್ದಂಗೇ ತನ್ನಿ. ಓದಿದವರು ಗುರುತು ಹಿಡಿಯೋಕೆ ಅಷ್ಟು ಸಾಕು.

ತರಗುಕಡ್ಡಿ
ಗದ್ದೆ ವಿಷ್ಯ ಯಾರೂ ಎತ್ತಲಿಲ್ಲ. ಕಬ್ಬು ಆಳೆತ್ತರ ದಾಟಿದ ಮೇಲೆ ಒಳಗೆ ಕ್ಯಾಮೆರಾ ತಿರುಗಿಸೋಕೂ ಜಾಗ ಇರಲ್ಲ. ಮೊದಲೇ ರೈತನ ಹತ್ರ ಮಾತಾಡಿ, ಎರಡು ಸಾಲು ಬೆಲೆ ಕೊಟ್ಟು ಕಡಿಸಿ ದಾರಿ ಮಾಡ್ಕೊಳ್ಳಿ. ಕಡಿದ ಮೇಲೆ ಕಬ್ಬು ಮತ್ತೆ ನಿಲ್ಲಾಕಿಲ್ಲ. ಹಂಗಾಗಿ ಗದ್ದೆ ದೃಶ್ಯಗಳ ಶೂಟಿಂಗ್ ಕ್ರಮ ಕಥೆ ಪ್ರಕಾರ ಅಲ್ಲ, ಕಟಾವಿನ ಪ್ರಕಾರ. ಕಾರ್ಖಾನೆಯಿಂದ ಕಟಾವಿಗೆ ಕರೆ ಬಂತು ಅಂದ್ರೆ ನಿಮ್ಮ ಕಾಲ್‌ಶೀಟ್ ಕೇಳ್ಕೊಂಡು ರೈತ ಕಾಯಾಕಿಲ್ಲ. ಗರಿಯ ಅಂಚು ಕೈ ಮುಖ ಕುಯ್ಯುತ್ತೆ, ಸ್ಟಂಟ್‌ನವರಿಗೆ ತೋಳು ಮುಚ್ಚೋ ಬಟ್ಟೆ, ಎಲ್ರಿಗೂ ಗಮ್‌ಬೂಟು. ರಾತ್ರಿ ಹಾವಿನ ಭಯ ಸುಳ್ಳಲ್ಲ. ಒಣ ತರಗಿನ ಹತ್ರ ಕಿಡಿ ಹಾರಿಸೋ ಯಾವ ಎಫೆಕ್ಟೂ ಬೇಡ, ಸಿಗರೇಟೂ ಬೇಡ.

ಬೆಳಕು ಕಬ್ಬಿಗಿಂತ ಒಂದೂವರೆ ಮೀಟರ್ ಮೇಲೆ, ಹಿಂದಿನಿಂದ. ಮುಂದಿನಿಂದ ಕೊಟ್ರೆ ಗರಿಗಳೆಲ್ಲ ಬೆಳ್ಳಗೆ ಹೊಳೆದು ಕಪ್ಪು ಬಟ್ಟೆಯವನು ಕಾಣದಂಗಾಗ್ತಾನೆ.

ಆಲೆಮನೆ ನೋಡೋಕೆ ಸ್ವರ್ಗ: ಬೆಂಕಿ, ಹಬೆ, ಕೊಪ್ಪರಿಗೆ. ಆದ್ರೆ ಬೆಲ್ಲದ ಪಾಕ ಇಳಿಸೋ ಹೊತ್ತಿಗೆ ಸುಮಾರು 118 ಡಿಗ್ರಿ ಇರುತ್ತೆ, ಅಂಟಿದ್ರೆ ಚರ್ಮ ಬಿಡಾಕಿಲ್ಲ. ಹೊಡೆದಾಟ ಅಸಲಿ ಕೊಪ್ಪರಿಗೆ ಪಕ್ಕ ಬೇಡವೇ ಬೇಡ. ಅಸಲಿ ಕುದಿತ ಬೇರೆ ತಗೊಳ್ಳಿ, ಹೊಡೆದಾಟಕ್ಕೆ ಉಗುರುಬೆಚ್ಚನೆ ನೀರು ತುಂಬಿದ ನಕಲಿ ಕೊಪ್ಪರಿಗೆ, ಪಕ್ಕದಲ್ಲಿ ಹೊಗೆ ಯಂತ್ರ. ಲೆನ್ಸನ್ನ ತಣ್ಣನೆ ವ್ಯಾನಿಂದ ನೇರ ಹಬೆಯೊಳಗೆ ತಂದ್ರೆ ಗಾಜು ಮಂಜಾಗುತ್ತೆ, ಅರ್ಧ ಗಂಟೆ ಮುಂಚೆ ಒಳಗಿಡಿ. ಒಲೆ ಬೆಳಕು 2000 ಕೆಲ್ವಿನ್ ಹತ್ರ. ನಿಮ್ಮ ಎಲ್‌ಇಡಿ ಅಷ್ಟು ಕೆಳಗೆ ಇಳಿಯುತ್ತಾ ನೋಡ್ಕೊಳ್ಳಿ.

ಪಾದರಸಬಲ್ಬು
ಬೆಂಕಿ ಬಂತಲ್ಲ, ಮೈಸೂರಿನವರಿಗೆ ನೆನಪಿಸ್ಬೇಕಾಗಿಲ್ಲ. 1989ರ ಫೆಬ್ರವರಿ 8ರಂದು ಇಲ್ಲಿನ ಪ್ರೀಮಿಯರ್ ಸ್ಟುಡಿಯೋದಲ್ಲಿ ಟಿಪ್ಪು ಧಾರಾವಾಹಿಯ ಶೂಟಿಂಗ್ ಹೊತ್ತಿಗೆ ಬೆಂಕಿ ಬಿದ್ದು 62 ಜನ ಸತ್ರು. ಆಗ ಎತ್ತಿ ತೋರಿಸಿದ ಕಾರಣಗಳು: ಸಡಿಲ ವೈರಿಂಗ್, ಗಾಳಿಕಿಂಡಿ ಇಲ್ಲದಿರೋದು, ಗೋಡೆಗೆ ಗೋಣಿಚೀಲ, ಬೆಂಕಿ ಆರಿಸೋಕೆ ಬರೀ ನೀರು-ಮರಳಿನ ಬಕೆಟ್. ಕತ್ತಲೆ ಸಿನಿಮಾ ಸೆಟ್ಟಿನ ಗೋಡೆಗೆ ಇವತ್ತೂ ಕಪ್ಪು ಬಟ್ಟೆ ಹೊದಿಸ್ತಾರೆ. ಬೆಂಕಿ ತಡೆಯೋ ಲೇಪದ ಬಟ್ಟೆ ಹೌದಾ ಅಂತ ಒಂದು ತುಂಡು ಹೊರಗೆ ಸುಟ್ಟು ನೋಡಿ. ಎರಡು ಬಾಗಿಲು, ಎರಡೂ ತೆರೆದಿರಬೇಕು, ಕತ್ತಲಲ್ಲೂ ಕಾಣಬೇಕು.

ಬಂದೂಕು ಇದೆಯಾ ಕಥೆಯಲ್ಲಿ? ‘ದಿ ಕ್ರೋ’ ಚಿತ್ರದ ಸೆಟ್ಟಲ್ಲಿ 1993ರಲ್ಲಿ ಬ್ರ್ಯಾಂಡನ್ ಲೀ ಸತ್ತಿದ್ದು ಹೇಗೆ ಅಂತ ಎಲ್ಲಾ ಸಹಾಯಕರೂ ತಿಳ್ಕೊಂಡಿರಬೇಕು. ಕ್ಲೋಸಪ್ಪಿಗೆ ಬೇಕಾಗಿದ್ದ ಡಮ್ಮಿ ತೋಟಾಗಳನ್ನ ಅಸಲಿ ತೋಟಾದಿಂದ ಮದ್ದು ತೆಗೆದು ಮಾಡಿದ್ರು, ಕಿಡಿ ಹತ್ತಿಸೋ ಪ್ರೈಮರ್ ಉಳಿದಿತ್ತು. ಅದು ಸಿಡಿದು ಗುಂಡು ನಳಿಕೆಯಲ್ಲೇ ಸಿಕ್ಕಾಕೊಳ್ತು. ನಳಿಕೆ ಯಾರೂ ನೋಡಲಿಲ್ಲ. ಆಮೇಲೆ ಅದೇ ಬಂದೂಕಿಗೆ ಬ್ಲ್ಯಾಂಕ್ (ಗುಂಡಿಲ್ಲದ, ಮದ್ದು ಮಾತ್ರ ಇರೋ ತೋಟಾ) ಹಾಕಿ ಹೊಡೆದಾಗ ಆ ಗುಂಡು ಹೊರಬಂತು. ನಿಮಗೆ ರಬ್ಬರ್ ಬಂದೂಕು, ಮೂತಿ ಬೆಳಕು ಗ್ರಾಫಿಕ್ಸಲ್ಲಿ. ಚರ್ಚೆ ಇಲ್ಲ.

ಕತ್ತುನೋವು
ಮುಖವಾಡ. ಚಿತ್ರದಲ್ಲಿ ಕಣ್ಣು ಬರೀ ಬಿಳಿ ತುಂಡು, ಅದೇ ಕಿರಿದಾಗುತ್ತೆ, ಅಗಲ ಆಗುತ್ತೆ. ನಟನಿಗೆ ಆ ಸೌಲಭ್ಯ ಇಲ್ಲ. ಕಣ್ಣು ಕಾಣಬೇಕಾದ್ರೆ ಮುಖವಾಡದ ರಂಧ್ರಕ್ಕೂ ಕಣ್ಣಿಗೂ ನಡುವಿನ ಚರ್ಮಕ್ಕೆ ಕಪ್ಪು ಬಳಿಯಲೇಬೇಕು. ಬಳಿದ ಮೇಲೆ ಮುಖವಾಡ ಕಳಚೋ ದೃಶ್ಯದಲ್ಲಿ ಆ ಕಪ್ಪು ಎಲ್ಲಿ ಹೋಯ್ತು? ‘ಬ್ಯಾಟ್‌ಮನ್ ರಿಟರ್ನ್ಸ್’ನಲ್ಲಿ ಒಂದು ಕಟ್ಟಲ್ಲಿ ಮಾಯ ಆಗುತ್ತೆ, ಜನ ಇವತ್ತಿಗೂ ಆಡ್ಕೊಳ್ತಾರೆ. 2022ರ ‘ದಿ ಬ್ಯಾಟ್‌ಮನ್’ ಮುಚ್ಚಿಡದೆ ತೋರಿಸ್ತು, ಪಾತ್ರಕ್ಕೂ ಒಪ್ಪಿತು. ಹಂಗೇ ಮಾಡಿ.

1989ರ ಬ್ಯಾಟ್‌ಮನ್ ಉಡುಪಲ್ಲಿ ತಲೆ-ಹೆಗಲು ಒಂದೇ ರಬ್ಬರ್, ಕತ್ತು ತಿರುಗ್ತಿರಲಿಲ್ಲ, ಮೈಯೆಲ್ಲ ತಿರುಗಿಸ್ಬೇಕಿತ್ತು. 2008ರ ‘ದಿ ಡಾರ್ಕ್ ನೈಟ್’ನಲ್ಲಿ ತಲೆಯ ಭಾಗ ಬೇರೆ ಮಾಡಿದ್ರು. ನೀವೂ ಮೊದಲಿಂದಲೇ ಬೇರೆ ಮಾಡಿ.

ತಯಾರಿ: ಆಲ್ಜಿನೇಟ್‌ನಲ್ಲಿ (ನೀರಲ್ಲಿ ಕಲಸೋ ಅಚ್ಚಿನ ಪುಡಿ) ನಟನ ತಲೆಯ ಅಚ್ಚು, ಅದರ ಮೇಲೆ ಪ್ಲಾಸ್ಟರ್ ಬ್ಯಾಂಡೇಜಿನ ಚಿಪ್ಪು. ಆಲ್ಜಿನೇಟ್ ಐದಾರು ನಿಮಿಷಕ್ಕೇ ಗಟ್ಟಿಯಾಗುತ್ತೆ, ಬಿಸಿನೀರಾದ್ರೆ ಇನ್ನೂ ಬೇಗ, ಹಂಗಾಗಿ ತಣ್ಣೀರು. ಇಬ್ಬರು ಕೈ ಹಾಕ್ಬೇಕು, ಮೂರನೆಯವನು ಮೂಗಿನ ಹೊಳ್ಳೆ ಬಿಟ್ಟು ಬೇರೇನೂ ನೋಡಬಾರದು. ಆ ಅಚ್ಚಿಂದ ಬಂದ ತಲೆ ಮೇಲೆ ಜೇಡಿಯಲ್ಲಿ ಮುಖವಾಡ ತಿದ್ದಿ ಇನ್ನೊಂದು ಅಚ್ಚು. ಎಷ್ಟು ಪ್ರತಿ ಬೇಕು? ಕ್ಲೋಸಪ್ಪಿಗೆ 2, ಸ್ಟಂಟಿಗೆ ಮೆತ್ತಗಿನದು 3, ಹರಿದಂಗೆ ಕಾಣೋ ದೃಶ್ಯಕ್ಕೆ 1. ಒಂದೇ ಮಾಡಿಸಿದ್ರೆ ಮೂರನೇ ದಿನ ಬೆವರಿಗೆ ಅಂಚು ಸುರುಳಿ ಸುತ್ತುತ್ತೆ, ಶೂಟಿಂಗ್ ನಿಲ್ಲುತ್ತೆ. ಬಾಯಿ ಅರ್ಧ ಮುಚ್ಚಿದ್ರೆ ಅವನ ಮಾತೆಲ್ಲ ಡಬ್ಬಿಂಗ್, ಆ ದಿನಗಳನ್ನ ಈಗಲೇ ಬಜೆಟ್ಟಲ್ಲಿ ಬರೆಯಿರಿ.

ಉಡುಪಿಗೆ ಒಂದೇ ಕಪ್ಪು ಬೇಡ. ಹೊಳಪಿಲ್ಲದ್ದು, ಅರೆಹೊಳಪಿನದು, ನೀಲಿ ಛಾಯೆಯದು, ಮೂರು ಕಪ್ಪು ಸೇರಿದ್ರೆ ದೇಹ ಕಾಣುತ್ತೆ. ಇಲ್ಲಾಂದ್ರೆ ರಾತ್ರಿಯಲ್ಲಿ ನಡೆದಾಡೋ ತೂತು.

ಮಳೆಲೆಕ್ಕ
ಗಲ್ಲಿ ದೃಶ್ಯಕ್ಕೆ ಕಾಮಿಕ್ಸಲ್ಲಿ ಮಳೆ ಇದ್ದೇ ಇರುತ್ತೆ, ನಾಲ್ಕು ಗೆರೆ ಎಳೆದ್ರೆ ಆಯ್ತು ಬಿಡಿ ಅವರಿಗೆ. ಇಲ್ಲಿ 4 ಮಳೆ ತಲೆ (ನೀರು ಚಿಮ್ಮಿಸೋ ಮೂತಿ), ಒಂದೊಂದಕ್ಕೆ ನಿಮಿಷಕ್ಕೆ 150 ಲೀಟರ್ ಹಿಡಿದ್ರೂ 600. 6000 ಲೀಟರ್ ಟ್ಯಾಂಕರ್ 10 ನಿಮಿಷ. ನೆಲ ಒದ್ದೆ ಮಾಡಿ ಮಳೆ ನಿಂತ ಮೇಲಿನ ಹೊತ್ತು ಅಂತ ಬರ್ಕೊಳ್ಳಿ. ಅರ್ಧ ಟ್ಯಾಂಕರ್ ಸಾಕು, ಬೆಳಕಿನ ಪ್ರತಿಬಿಂಬ ಪುಕ್ಕಟೆ.

ಕೆಂಪುಶಾಯಿ
ಕೆಂಪು ಒಂದೇ ಬಣ್ಣ ಅಂದಿರಿ. ಕಲರಲ್ಲಿ ಶೂಟ್ ಮಾಡಿ ಕೆಂಪು ಬಿಟ್ಟು ಉಳಿದದ್ದು ತೆಗೀತೀವಿ ಅಂತ ಪ್ಲಾನ್ ಇದ್ರೆ, ದೇವರಾಜ ಮಾರುಕಟ್ಟೆಯ ಕುಂಕುಮದ ಗುಡ್ಡೆಗಳು ಎಲ್ಲಕ್ಕಿಂತ ಮೊದಲು ಹೊಳೀತವೆ. ಆಮೇಲೆ ಕೆಎಸ್ಆರ್‌ಟಿಸಿ ಬಸ್ಸು, ಬೈಕಿನ ಹಿಂದಿನ ದೀಪ, ಕನ್ನಡ ಬಾವುಟದ ಅರ್ಧ. ತಲೆನೋವು ಇದಲ್ಲ, ಚರ್ಮ. ನಮ್ಮ ಚರ್ಮದ ಬಣ್ಣ ಕೆಂಪಿನ ನೆರೆಮನೆಯಲ್ಲೇ ಇರೋದು. ರಕ್ತ ಉಳಿಸೋಕೆ ಹೋದ್ರೆ ತುಟಿ, ಕಿವಿ ಎಲ್ಲ ಉಳ್ಕೊಳ್ತವೆ.

ಸುಲಭದ ದಾರಿ: ಕೆಂಪಾಗಬೇಕಾದ ವಸ್ತುವನ್ನ ಶೂಟಿಂಗಲ್ಲಿ ಕೆಂಪೇ ಇಡಬೇಡಿ. ಗಾಢ ನೀಲಿ ಇಟ್ಟು, ಆಮೇಲೆ ನೀಲಿಯನ್ನ ಆರಿಸಿ ಕೆಂಪಿಗೆ ತಿರುಗಿಸಿ. ‘ಸಿನ್ ಸಿಟಿ’ಯ ಹಳದಿ ಮೈಯವನಿಗೂ ನೀಲಿ ಬಣ್ಣವನ್ನೇ ಬಳಿದಿದ್ರು. ಹಸಿರು ಯಾಕೆ ಬೇಡ ಅಂದ್ರೆ ಕಬ್ಬು. ಆದ್ರೆ ರಾತ್ರಿ ಬೆಳದಿಂಗಳು ಅಂತ ನೀಲಿ ಬೆಳಕು ಬಿಟ್ರೆ ಇದೂ ಕೆಡುತ್ತೆ. ಹೇಗೂ ಕಪ್ಪು-ಬಿಳುಪಿಗೆ ಹೋಗೋದಲ್ವಾ, ಬೆಳದಿಂಗಳನ್ನ ಬರೀ ಬಿಳಿ ಇಡಿ.

ದಸ್ತಾವೇಜು
ರಕ್ತ ಅಂದಿದ್ದಕ್ಕೆ ಸೆನ್ಸಾರ್. 2023ರ ತಿದ್ದುಪಡಿ ನಂತರ ಯುಎ ಮೂರಾಗಿದೆ: 7+, 13+, 16+. ಕೊಲ್ಲೋ ಹೀರೋಗೆ 16+ ಸಿಕ್ಕಿದ್ರೆ ಪುಣ್ಯ. ‘ಎ’ ಬಂದ್ರೆ ಟಿವಿಗೆ ಹಾಗೇ ಹೋಗಲ್ಲ, ಕತ್ತರಿಸಿ ಬೇರೆ ಪ್ರಮಾಣಪತ್ರ ತಗೋಬೇಕು. ಟಿವಿ ಹಕ್ಕಿನ ದುಡ್ಡು ನಂಬಿದ್ರೆ ಪ್ರತಿ ಕೊಲೆಗೂ ಎರಡು ಥರ ಕವರೇಜ್ ಶೂಟ್ ಮಾಡಿ: ಒಂದು ನೇರ, ಇನ್ನೊಂದು ನೆರಳೋ ಮುಖದ ಪ್ರತಿಕ್ರಿಯೆಯೋ. ನನ್ನ ಅಭಿಪ್ರಾಯಕ್ಕೆ ಎರಡನೆಯದೇ ಎಷ್ಟೋ ಸಲ ಹೆಚ್ಚು ಹೆದರಿಸುತ್ತೆ.

ಪಾತ್ರದ ಬಾಯಲ್ಲಿ ಬೀಡಿ ಸಿಗರೇಟು ಇದ್ಯಾ? ಇದ್ರೆ ಸಿನಿಮಾ ಶುರುವಲ್ಲಿ ಮತ್ತು ಮಧ್ಯದಲ್ಲಿ 30 ಸೆಕೆಂಡಿನ ಆರೋಗ್ಯ ಜಾಹೀರಾತು, 20 ಸೆಕೆಂಡಿನ ಎಚ್ಚರಿಕೆ, ಸೇದೋ ಪ್ರತಿ ದೃಶ್ಯದ ಕೆಳಗೆ ಅಕ್ಷರ. ಕತ್ತಲೆ ಫ್ರೇಮಿನ ಕೆಳಗೆ ಬೆಳ್ಳಗೆ ಆ ಸಾಲು ಬಂದ್ರೆ ಅರ್ಧಸ್ಟಾಪ್ ಅವರ ಲೆಕ್ಕವೆಲ್ಲ ಹೊಳೆಗೆ.

ಕೆಂಪುಶಾಯಿ
ಬೀಡಿ ತೆಗೆದು ಎಲೆ-ಅಡಿಕೆ ಕೊಡಿ. ಮೈಸೂರು ಚಿಗುರೆಲೆ, ಹೊಗೆಸೊಪ್ಪು ಇಲ್ಲದ್ದು. ಉಗಿದ್ರೆ ಕೆಂಪು, ನಿಮ್ಮ ಒಂದೇ ಬಣ್ಣಕ್ಕೆ ರಕ್ತ ಬಿಟ್ಟು ಇನ್ನೊಂದು ಕೆಲಸ ಸಿಕ್ತು. ಪ್ರೇಕ್ಷಕ ಗೋಡೆ ಮೇಲಿನ ಕಲೆ ಯಾವುದು ಅಂತ ಅನುಮಾನ ಪಡಲಿ.

ತರಗುಕಡ್ಡಿ
ಇದು ಬೇಸಾಗೈತೆ.

ಒತ್ತಕ್ಷರ
ಮಾತಿನ ಕಡೆ ಬರ್ತೀನಿ. ಕತ್ತಲೆ ಕಾಮಿಕ್ಸಿನ ಅರ್ಧ ಜೀವ ಆ ಚೌಕ ಪೆಟ್ಟಿಗೆಗಳ ಮನದ ಮಾತಲ್ಲಿರುತ್ತೆ. ಅದನ್ನ ಹಾಗೇ ಹಿನ್ನೆಲೆ ಧ್ವನಿ ಮಾಡಿದ್ರೆ ಎರಡು ಸಲ ಹೇಳಿದಂಗಾಗುತ್ತೆ, ಚಿತ್ರ ತೋರಿಸಿದ್ದನ್ನೇ ಬಾಯಿ ಒದರುತ್ತೆ. ಧ್ವನಿ ಉಳಿಸೋದಾದ್ರೆ ಚಿತ್ರಕ್ಕೆ ಉಲ್ಟಾ ಹೇಳೋ ಸಾಲು ಮಾತ್ರ ಉಳಿಸಿ. ಅವನು ಹೆದರಿಲ್ಲ ಅಂತ ಹೇಳ್ತಾನೆ, ಕೈ ನಡುಗ್ತಿದೆ, ಅಂಥದ್ದು.

ಭಾಷೆ ಇನ್ನೂ ದೊಡ್ಡದು. ‘ಈ ನಗರವು ಕೊಳೆತಿದೆ, ಇದರ ಪಾಪವನ್ನು ನಾನು ಹೊರುವೆ’ ಅಂತ ಹಾಳೆ ಮೇಲೆ ಓದಿದ್ರೆ ನಡೆಯುತ್ತೆ. ಮಂಡ್ಯದ ಥಿಯೇಟರಲ್ಲಿ ಯಾರೋ ಒಬ್ಬ ಕೂಗು ಹಾಕ್ತಾನೆ, ಅಲ್ಲಿಗೆ ಮುಗೀತು. ‘ಊರು ನಾರ್ತೈತೆ. ಕೈ ತೊಳುದ್ರೆ ಹೋಗಾಕಿಲ್ಲ’ ಅಂದ್ರೆ ಅದೇ ಅರ್ಥ, ಕೂಗು ಬರಲ್ಲ.

ಕೂಗಿನ ಮಾತು ಬಂದಿದ್ದಕ್ಕೆ: ವೇಷ ಮೊದಲ ಸಲ ಕಂಡಾಗ ನಗು ಬಂದೇ ಬರುತ್ತೆ, ತಡೆಯೋಕೆ ಹೋಗಬೇಡಿ. ಸಿನಿಮಾದೊಳಗಿನವನೇ ಮೊದಲು ನಗಲಿ. ‘ಯಾವ್ ನಾಟಕ ಕಂಪ್ನಿಲಾ ನಿಂದು?’ ಅಂತ ಕೇಳಲಿ. ಅವನ ನಗು ಹೇಗೆ ನಿಲ್ಲುತ್ತೆ ಅನ್ನೋದೇ ನಿಮ್ಮ ದೃಶ್ಯ.

ಕತ್ತುನೋವು
ಇದಕ್ಕೆ ಒಪ್ಪಿಗೆ, ಆದ್ರೆ ಹಿನ್ನೆಲೆ ಧ್ವನಿ ಬಗ್ಗೆ ತಕರಾರಿದೆ. ಮುಖ ಮುಚ್ಚಿದ ಪಾತ್ರಕ್ಕೆ ಧ್ವನಿಯೂ ಇಲ್ಲ ಅಂದ್ರೆ ನಟನಿಗೆ ಏನು ಉಳೀತು, ಗದ್ದ?

ಒತ್ತಕ್ಷರ
2012ರ ‘ಡ್ರೆಡ್’ನಲ್ಲಿ ಹೀರೋ ಹೆಲ್ಮೆಟ್ ತೆಗೆಯಲೇ ಇಲ್ಲ, ಗದ್ದದಲ್ಲೇ ನಡೆಸಿದ. ಅಲ್ಲಿ ಜೊತೆಗೆ ಹೆಲ್ಮೆಟ್ ಹಾಕದ ಹೊಸಬಳೊಬ್ಬಳನ್ನ ಇಟ್ಟಿದ್ರು, ಭಾವನೆಯ ಕೆಲಸ ಅವಳ ಮುಖದ್ದು. ಈ ಕಥೆಯಲ್ಲಿ ಅಂಥವರು ಯಾರಿದ್ದಾರೆ ಅನ್ನೋದು ಪ್ರಶ್ನೆ.

ಆಲೆಮನೆಹೊಗೆ
ಇದ್ದಾಳೆ, ಆಲೆಮನೆ ಲೆಕ್ಕ ಬರೆಯೋಳು. ಮೂಲದಲ್ಲಿ 11 ಪುಟ ಮಾತ್ರ, ಹಿಗ್ಗಿಸ್ತೀವಿ. ಹಕ್ಕು ಬರೆದವರದ್ದು ಮಾತ್ರ ಆಗಿದೆ, ಬಿಡಿಸಿದವರ ಹತ್ರ ನಾಳೆಯೇ ಹೋಗಬೇಕು. ಇನ್ನೊಂದು ಬಾಕಿ: ಮುಖವಾಡವನ್ನ ನಮ್ಮ ಕಡೆಯ ಸೋಮನ ಕುಣಿತದ ಕೆಂಪು ಮುಖದ ಥರ ಮಾಡೋ ಯೋಚನೆ. ಅದೂ ನೀಲಿ ಬಳಿದೇ ಶೂಟ್ ಮಾಡ್ಬೇಕಾ?

ಕೆಂಪುಶಾಯಿ
ಹೌದು, ಆದ್ರೆ ಮುಖವಾಡ ಪೂರ್ತಿ ಕೆಂಪಾದ್ರೆ ರಕ್ತಕ್ಕೆ ಬೆಲೆ ಇರಲ್ಲ. ಇಡೀ ಸಿನಿಮಾ ಬೂದು ಇಟ್ಟು ಕೊನೆ ಸಂಚಿಕೆಯಲ್ಲಿ ಮಾತ್ರ ಕೆಂಪು ಮಾಡಿ. ನೀಲಿ ಬಳಿದಿದ್ರೆ ಆ ತೀರ್ಮಾನವನ್ನ ಎಡಿಟಿಂಗ್‌ವರೆಗೂ ಮುಂದೂಡಬಹುದು. ನೀಲಿ ಮೇಲೆ ಹೊಳಪಿನ ವಾರ್ನಿಷ್ ಬೇಡ, ಬೆಳಕು ಬಿದ್ದ ಕಡೆ ಬಿಳಿಯಾಗಿ ಕೀ (ನೀಲಿಯನ್ನ ಆರಿಸೋ ಗುರುತು) ತೂತು ಬೀಳುತ್ತೆ.

ತರಗುಕಡ್ಡಿ
ದೇವಸ್ಥಾನದ ಸೋಮನ ಮುಖವಾಡ ಎರವಲು ಕೇಳೋಕೆ ಮಾತ್ರ ಹೋಗಬೇಡಿ ಅಣ್ಣ, ಅದು ಪೂಜೆ ಆಗೋ ಮುಖ. ಮುಖದ ಗೆರೆ ಬದಲಾಯಿಸಿ ನಿಮ್ಮದೇ ಮಾಡಿಸ್ಕೊಳ್ಳಿ, ಊರೋರ ಹತ್ರ ಮೊದಲೇ ಒಂದು ಮಾತು ಹೇಳಿ. ಹಗುರ ಇರಲಿ, ಅದನ್ನ ಹಾಕ್ಕೊಂಡು ಗದ್ದೆ ಬದು ಹಾರ್ಬೇಕಲ್ಲ ಅವನು.